ಮೂರನೇ ದರ್ಜೆಯ ಮಾತು

ಬಿಷಪ್ಪರು ಇಸ್ಲಾಂ ಧರ್ಮದ ಬಗ್ಗೆ ಆಡಿದ ಮಾತಿನಿಂದ ಸಾರ್ವಜನಿಕರ ಭಾವನೆಗಳಿಗೆ ತೀವ್ರ ಧಕ್ಕೆ ಉಂಟಾಗಿದ್ದು, ಈ ಸಂಬಂಧ ಸರ್ಕಾರವು ಸೂಕ್ತ ಕ್ರಮ ಕೈಗೊಂಡಿರುತ್ತದೆ. ಕಡತದ ಮೊದಲ ಪುಟದಲ್ಲಿ ಹೀಗೆ ಬರೆದಿತ್ತು. ಎರಡನೇ ಪುಟದಲ್ಲಿ ಕ್ರಮದ ವಿವರವಿತ್ತು: ನಲವತ್ತು ಪೊಲೀಸರು, ರಸ್ತೆಯ ಎರಡೂ ತುದಿಗೆ ಕಬ್ಬಿಣದ ತಡೆಬೇಲಿ, ಮುಂದಿನ ಆದೇಶದವರೆಗೆ ಸಂಚಾರ ನಿಷೇಧ. ಮೂರನೇ ಪುಟದ ನೆತ್ತಿಯ ಮೇಲೆ 'ಅನುಬಂಧ ಒಂದು: ಆಡಿದ ಮಾತು' ಎಂದು ಟೈಪ್ ಮಾಡಿ ಅಚ್ಚುಕಟ್ಟಾಗಿ ಗೆರೆ ಎಳೆದಿದ್ದರು. ಗೆರೆಯ ಕೆಳಗೆ ಏನೂ ಇರಲಿಲ್ಲ.

ಈ ಖಾಲಿ ಪುಟ ಸಾರ್ವಜನಿಕ ಭಾವನೆಗಳ ಇಲಾಖೆಯ ಗುಮಾಸ್ತನೊಬ್ಬನ ಮೇಜಿಗೆ ಬಂತು. ಕಡತಗಳಿಗೆ ಬೇಕಾದ ಕಾಗದಗಳನ್ನು ಎಲ್ಲಿದ್ದರೂ ಹುಡುಕಿ ತಂದು ಲಗತ್ತಿಸುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಅದೊಂದನ್ನೇ ಮಾಡಿ ಕಚೇರಿಯಲ್ಲಿ ಅವನ ಹೆಸರೇ ಲಗತ್ತು ಎಂದಾಗಿತ್ತು. ಅವನ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತಿತ್ತು.

ಬೇರೆ ಕಡತವಾಗಿದ್ದರೆ ಲಗತ್ತು ಅದನ್ನು ಕಟ್ಟಿನ ಅಡಿಗೆ ತಳ್ಳಿ ಕೈ ತೊಳೆದುಕೊಳ್ಳುತ್ತಿದ್ದ. ಆದರೆ ಮುಚ್ಚಿದ ಆ ರಸ್ತೆಯ ಒಂದು ತುದಿಗೆ ಚರ್ಚು, ಇನ್ನೊಂದು ತುದಿಗೆ ಮಸೀದಿ, ನಡುವೆ ಕಣ್ಣಾಸ್ಪತ್ರೆ. ಅವನ ತಾಯಿಗೆ ಒಂದು ಕಣ್ಣು ಎಂದೋ ಹೋಗಿತ್ತು. ಇನ್ನೊಂದರಲ್ಲಿ ಪೊರೆ ಬಲಿತಿತ್ತು. ಈ ತಿಂಗಳೊಳಗೆ ತೆಗೆಯದಿದ್ದರೆ ಒಳಗೆ ಒತ್ತಡ ಏರಿ ಅದೂ ಕೈಕೊಡುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಬೇರೆ ಕಣ್ಣಾಸ್ಪತ್ರೆ ರೈಲಿನಲ್ಲಿ ಒಂದು ಹಗಲಿನ ದಾರಿ, ಅಲ್ಲಿ ಆರು ತಿಂಗಳ ಸರದಿ. ತಾಯಿ ಆಗಲೇ ಗೋಡೆ ಸವರಿಕೊಂಡು ಓಡಾಡುತ್ತಿದ್ದಳು. ಇಲಾಖೆಯ ನಿಯಮ ಹದಿನಾಲ್ಕರ ಪ್ರಕಾರ ಧಕ್ಕೆಯ ಸುದ್ದಿ ಬಂದ ಕೂಡಲೇ ಕ್ರಮ ಕೈಗೊಳ್ಳತಕ್ಕದ್ದು. ಕಾರಣವನ್ನು ಅನುಕೂಲ ನೋಡಿಕೊಂಡು ಆಮೇಲೆ ಲಗತ್ತಿಸತಕ್ಕದ್ದು. ಕಾರಣ ಲಗತ್ತಾದ ಮೇಲೆ ಕ್ಷಮಾಪಣೆ, ಕ್ಷಮಾಪಣೆಯಾದ ಮೇಲೆ ರಸ್ತೆ.

ಹಾಗಾಗಿ ಲಗತ್ತು ಮಾತನ್ನು ಹುಡುಕಿಕೊಂಡು ಹೊರಟ.

ಮೊದಲು ದೂರು ಕೊಟ್ಟ ಭಾವನಾ ಸಂರಕ್ಷಣಾ ಒಕ್ಕೂಟಕ್ಕೆ ಹೋದ. ಅಧ್ಯಕ್ಷರು ಎರಡು ಫೋನುಗಳಲ್ಲಿ ಒಟ್ಟಿಗೇ ಖಂಡಿಸುತ್ತಿದ್ದರು. ಅವರು ಮಸೀದಿಯವರೂ ಅಲ್ಲ, ಚರ್ಚಿನವರೂ ಅಲ್ಲ, ಆ ರಸ್ತೆಯವರಂತೂ ಅಲ್ಲವೇ ಅಲ್ಲ; ಯಾರ ಭಾವನೆಯಾದರೂ ಸರಿ, ಸಂರಕ್ಷಿಸುವವರು.

"ಬಿಷಪ್ಪರು ಏನು ಹೇಳಿದ್ರು ಅಂತ ಒಂದು ಸಲ ಹೇಳಿಬಿಟ್ರೆ ಬರ್ಕೊಳ್ತೀನಿ ಸಾರ್," ಎಂದ ಲಗತ್ತು.

"ಅಂಥ ಮಾತನ್ನ ನಾವು ಬಾಯಲ್ಲಿ ಆಡೋದಾ? ಮಾನ ಮರ್ಯಾದೆ ಇರೋರು ಕಣ್ರೀ ನಾವು."

ಅಲ್ಲಿಂದ ಬಿಷಪ್ಪರ ಬೆಂಬಲಕ್ಕೆ ನಿಂತಿದ್ದ ಮಾತಿನ ಹಕ್ಕಿನ ವೇದಿಕೆಗೆ ಹೋದ. ಬಿಷಪ್ಪರಿಗೆ ಈ ಬೆಂಬಲದ ವಿಷಯ ಪತ್ರಿಕೆ ಓದಿಯೇ ತಿಳಿದದ್ದು.

"ಒಂದಕ್ಷರ ಹಿಂದಕ್ಕೆ ತಗೊಳ್ಳೋಕೂ ಬಿಡಲ್ಲ," ಎಂದರು ಸಂಚಾಲಕರು.

"ಯಾವ ಅಕ್ಷರ ಸಾರ್?"

"ಯಾವುದನ್ನೂ."

ಟಿವಿಯವರ ಬಳಿ ಇದ್ದೀತು ಎಂದು ಅಲ್ಲಿಗೂ ಹೋದ. ಅವರು ಆ ಮಾತಿದ್ದ ಜಾಗಕ್ಕೆ ಜವಾಬ್ದಾರಿಯಿಂದ 'ಕುಂಯ್' ಎಂಬ ಸದ್ದು ಹಾಕಿದ್ದರು. ಸದ್ದು ಹನ್ನೊಂದು ಸೆಕೆಂಡು ಇದ್ದುದರಿಂದ ಮಾತು ಎಷ್ಟು ಕೆಟ್ಟದ್ದಿರಬಹುದೆಂದು ಜನರೇ ಅಳತೆ ಮಾಡಿಕೊಂಡಿದ್ದರು. ಕುಂಯ್‌ನ ಅಡಿಯಲ್ಲಿ ಏನಿದೆ ಎಂದು ಲಗತ್ತು ಕೇಳಿದಾಗ, ಅಡಿಯಲ್ಲಿ ಇನ್ನೂ ಏನೂ ಬಂದಿಲ್ಲ, ಬಂದ ಕೂಡಲೇ ಮೊದಲು ನಾವೇ ತೋರಿಸುತ್ತೇವೆ ಎಂದರು.

ಕೊನೆಗೆ, ಯಾರೂ ಹೋಗದಿದ್ದ ಕಡೆಗೆ, ಬಿಷಪ್ಪರ ಹತ್ತಿರವೇ ಹೋದ. ಬಿಷಪ್ಪರು ಚರ್ಚಿನ ಹಿಂದಿನ ಕೋಣೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು. ಹದಿನೇಳು ವರ್ಷದಿಂದ ಸಂಜೆ ಮಸೀದಿಯ ಮೌಲ್ವಿಯ ಜೊತೆ ವಾಕಿಂಗ್ ಹೋಗುತ್ತಿದ್ದವರಿಗೆ, ನಿಷೇಧ ಬಂದ ಮೇಲೆ ಕಾಲು ಹಿಡಿದುಕೊಂಡಿತ್ತು. ಇಬ್ಬರೂ ಪರಸ್ಪರ ಇನ್ನೂರು ಮೀಟರ್ ಅಂತರ ಕಾಯ್ದುಕೊಳ್ಳತಕ್ಕದ್ದು ಎಂದು ಆದೇಶವಾಗಿತ್ತು.

"ನಾನೇನಪ್ಪ ಹೇಳಿದೆ? ಕಣ್ಣಾಸ್ಪತ್ರೆಯ ಹೊಸ ವಾರ್ಡು ತೆರೆದ ದಿನ ನಮ್ಮವರಿಗೆ ಒಂದಿಷ್ಟು ಬೈದೆ. ಪಕ್ಕದ ಮುಸ್ಲಿಮರನ್ನ ನೋಡಿ, ಬೆಳಕು ಹರಿಯೋ ಮುಂಚೆ ಎದ್ದು ದೇವರ ಮುಂದೆ ನಿಲ್ತಾರೆ. ನೀವು ವಾರಕ್ಕೊಂದು ದಿನ ಒಂಬತ್ತು ಗಂಟೆಗೆ ಬಂದು ಬೆಂಚಿನ ಮೇಲೆ ಆಕಳಿಸ್ತೀರಿ ಅಂದೆ. ಮೌಲ್ವಿ ಸಾಹೇಬ್ರು ಪಕ್ಕದಲ್ಲೇ ಕೂತಿದ್ರು. 'ನಮ್ಮಲ್ಲಿ ಎಷ್ಟು ಜನ ಏಳ್ತಾರೆ ಅಂತ ಮಾತ್ರ ನನ್ನ ಕೇಳಬೇಡಿ ಫಾದರ್' ಅಂತ ಕಿವಿಯಲ್ಲಿ ಹೇಳಿ ನಕ್ಕರು."

ಲಗತ್ತು ಇದನ್ನೇ ಶುದ್ಧವಾಗಿ ಟೈಪ್ ಮಾಡಿ ತನ್ನ ಇಲಾಖೆಯ ಅಧಿಕಾರಿಗಳ ಮುಂದಿಟ್ಟ. ಅಧಿಕಾರಿಗಳು ಎರಡು ಸಲ ಓದಿ ಕನ್ನಡಕ ತೆಗೆದರು.

"ಏನ್ರೀ ಲಗತ್ತು ಇದು? ಇದು ಹೊಗಳಿಕೆ ಕಣ್ರೀ."

"ಹೌದು ಸಾರ್. ಅವರು ಆಡಿದ್ದು ಇದನ್ನೇ."

ಅಧಿಕಾರಿಗಳು ಮೇಜಿನ ಗಾಜಿನಡಿ ಇಟ್ಟಿದ್ದ ಧಕ್ಕೆ ಕೋಷ್ಟಕದ ಮೇಲೆ ಬೆರಳಿಟ್ಟರು. ಮೊದಲನೇ ದರ್ಜೆಯ ಮಾತಿಗೆ ಇಬ್ಬರು ಪೊಲೀಸರು ಮತ್ತು ಎಚ್ಚರಿಕೆ ಪತ್ರ. ಎರಡನೇ ದರ್ಜೆಗೆ ಹನ್ನೆರಡು ಪೊಲೀಸರು ಮತ್ತು ಶಾಂತಿ ಸಭೆ. ಮೂರನೇ ದರ್ಜೆಗೆ ನಲವತ್ತು ಪೊಲೀಸರು ಮತ್ತು ತಡೆಬೇಲಿ. ಹೊಗಳಿಕೆಗೆ ಕೋಷ್ಟಕದಲ್ಲಿ ಸಾಲೇ ಇರಲಿಲ್ಲ.

"ಕ್ರಮ ಮೂರನೇ ದರ್ಜೆಯದ್ದು ಆಗಿಹೋಗಿದೆ. ಮಾತು ಅದಕ್ಕೆ ಸರಿಸಮ ಇರಬೇಕು. ಇಲ್ಲದಿದ್ರೆ ನಾವು ಕಾರಣವಿಲ್ಲದೆ ಜನರ ರಸ್ತೆ ಮುಚ್ಚಿದ ಹಾಗಾಗುತ್ತೆ. ನಾವು ಅಂಥವರಾ?"

"ಅಲ್ಲ ಸಾರ್."

"ಮತ್ತೆ? ಬಿಷಪ್ಪರಿಗೆ ವಿನಂತಿ ಮಾಡಿ ಒಂದು ಮೂರನೇ ದರ್ಜೆಯ ಮಾತು ತಗೊಂಡು ಬನ್ನಿ. ತಾರೀಖು ಮಾತ್ರ ಆ ದಿನದ್ದೇ ಇರಲಿ. ಎರಡೂ ಕಡೆಯವರ ಸಹಿ ಬೇಕು, ಇಂಥ ಮಾತು ಆಡಿದ್ದು ಹೌದು, ಕೇಳಿದ್ದು ಹೌದು ಅಂತ."

ಒಳ್ಳೆಯ ಮನುಷ್ಯರೊಬ್ಬರ ಬಾಯಿಗೆ ಕೆಟ್ಟ ಮಾತು ತುರುಕಬೇಕಲ್ಲ ಎಂದು ಲಗತ್ತು ಹಿಂಜರಿದ. ಆದರೆ ತಿಂಗಳು ಮುಗಿಯಲು ಹದಿಮೂರು ದಿನ ಉಳಿದಿತ್ತು. ಹಿಂದಿನ ಸಂಜೆ ತಾಯಿ ಲೋಟಕ್ಕೆಂದು ನೀರನ್ನು ಮೇಜಿನ ಮೇಲೆ ಸುರಿದು, ತುಂಬಿತೇನೋ ಎಂದು ಬೆರಳು ಅದ್ದಿ ನೋಡಿದ್ದಳು. ಅವನು ಅಲ್ಲೇ ನಿಂತು ಅರ್ಜಿ ಬರೆದ. ಬಿಷಪ್ಪರು ಮತ್ತು ಮೌಲ್ವಿಯವರು ವಿವಾದದ ಉದ್ದೇಶಕ್ಕಾಗಿ ಮಾತ್ರ ಒಂದು ಗಂಟೆಯ ಕಾಲ ಭೇಟಿಯಾಗಬಹುದು, ಸೌಹಾರ್ದ ಕಂಡುಬಂದಲ್ಲಿ ಅನುಮತಿ ರದ್ದಾಗುವುದು ಎಂಬ ಷರತ್ತಿನ ಮೇಲೆ ಮಂಜೂರಾಯಿತು. ರಸ್ತೆಯಲ್ಲಿ ಸಂಚಾರ ನಿಷೇಧವಿದ್ದುದರಿಂದ ಭೇಟಿ ಲಗತ್ತಿನ ಮನೆಯಲ್ಲೇ ಎಂದಾಯಿತು.

ಭಾನುವಾರ ಮಧ್ಯಾಹ್ನ ಇಬ್ಬರೂ ಬಂದರು. ಬಂದವರು ಮೊದಲ ಇಪ್ಪತ್ತು ನಿಮಿಷ ಮೊಣಕಾಲಿನ ಬಗ್ಗೆಯೇ ಮಾತಾಡಿದರು. ತಾಯಿ ಗೋಡೆಗೆ ಒರಗಿ ಕೂತು, ದನಿ ಬಂದ ಕಡೆಗೆ ಮುಖ ತಿರುಗಿಸುತ್ತಿದ್ದಳು. ಲಗತ್ತು ಕೆಮ್ಮಿ ವಿಷಯ ಹೇಳಿದ.

"ನನ್ನ ಕಣ್ಣಿಗೋಸ್ಕರ ನೀವು ಬಾಯಿ ಹೊಲಸು ಮಾಡ್ಕೋಬೇಡಿ," ಎಂದಳು ತಾಯಿ.

"ಬಾಯಿ ತೊಳ್ಕೋಬಹುದಮ್ಮ," ಎಂದರು ಬಿಷಪ್ಪರು. "ಬರ್ಕೋಪ್ಪ. ಮಸೀದಿಯವರು ಅಂಗಳ ಸರಿಯಾಗಿ ಗುಡಿಸೋದಿಲ್ಲ."

"ಅದು ನಿಜ ಫಾದರ್," ಎಂದರು ಮೌಲ್ವಿ. "ನಿಜ ಹೇಳಿದ್ರೆ ಧಕ್ಕೆ ಹೇಗಾಗುತ್ತೆ? ಇನ್ನೊಂದು ಹೇಳಿ."

"ನಿಮ್ಮ ಧ್ವನಿವರ್ಧಕ ಗೊರಗೊರ ಅನ್ನುತ್ತೆ."

"ಅದನ್ನ ನಮ್ಮ ಸಮಿತಿಗೆ ನಾನೇ ನಾಲ್ಕು ಸಲ ಬರೆದಿದ್ದೀನಿ."

ಬಿಷಪ್ಪರು ಆರೇಳು ಮಾತು ಹೇಳಿದರು. ಒಂದೂ ಮೊದಲನೇ ದರ್ಜೆಯನ್ನು ದಾಟಲಿಲ್ಲ. ನಲವತ್ತು ವರ್ಷ ಪಾಪವನ್ನು ಬೈದವರು, ಪಕ್ಕದಲ್ಲಿ ಕೂತ ಮನುಷ್ಯನನ್ನು ಬೈಯಲು ಬಾರದೆ ಬೆವರು ಒರೆಸಿಕೊಂಡರು. ಗಂಟೆ ಮುಗಿಯುತ್ತ ಬಂದಿತ್ತು. ಮೌಲ್ವಿ ತಮ್ಮ ಅಂಗೈ ನೋಡಿಕೊಂಡರು.

"ಮೂವತ್ತು ವರ್ಷದ ಹಿಂದೆ ಒಂದು ಮನೆ ಬಾಡಿಗೆಗೆ ಕೇಳೋಕೆ ಹೋಗಿದ್ದೆ," ಎಂದರು. "ಮನೆ ಯಜಮಾನ್ರು ಬಹಳ ಮರ್ಯಾದಸ್ಥರು. ಕೂರಿಸಿ, ನೀರು ಕೊಟ್ಟು, ಮೆತ್ತಗೆ ಹೇಳಿದ್ರು. ನೀವೇನೋ ಒಳ್ಳೆಯವರ ಹಾಗೆ ಕಾಣ್ತೀರಿ, ಆದ್ರೆ ನಿಮ್ಮವರ ಸ್ನೇಹ ನಂಬೋ ಹಾಗಿಲ್ಲ ಅಂತ. ಎರಡು ದಿನ ನನಗೆ ಊಟ ಸೇರಲಿಲ್ಲ. ಅದನ್ನೇ ಬರ್ಕೋಪ್ಪ."

"ಬೇಡ ಸಾಹೇಬ್ರೇ," ಎಂದರು ಬಿಷಪ್ಪರು.

"ಹಳೇದು ಫಾದರ್. ಒಣಗಿಹೋಗಿದೆ. ತಾಯಿಯ ಕಣ್ಣು ಮುಖ್ಯ."

ಲಗತ್ತು ಬರೆದುಕೊಂಡ. 'ಅವರು ಎಷ್ಟೇ ಒಳ್ಳೆಯವರಂತೆ ಕಂಡರೂ ಅವರ ಸ್ನೇಹವನ್ನು ನಂಬುವ ಹಾಗಿಲ್ಲ.' ಬಿಷಪ್ಪರು ಆಡಿದ್ದು ಹೌದೆಂದೂ ಮೌಲ್ವಿಯವರು ಕೇಳಿದ್ದು ಹೌದೆಂದೂ ಸಹಿ ಹಾಕಿದರು. ಅಧಿಕಾರಿಗಳು ಓದಿ, ಇದು ಅಪ್ಪಟ ಮೂರನೇ ದರ್ಜೆ, ಬಿಷಪ್ಪರು ಇಂಥವರು ಎಂದು ತಾವು ಅಂದುಕೊಂಡಿರಲಿಲ್ಲ ಎಂದು ನೊಂದುಕೊಂಡರು.

ಕ್ಷಮಾಪಣಾ ಸಮಾರಂಭ ತಡೆಬೇಲಿಯ ಪಕ್ಕದಲ್ಲೇ ನಡೆಯಿತು. ನಿಯಮದ ಪ್ರಕಾರ ಕ್ಷಮೆ ಕೇಳುವವರು ಯಾವ ಮಾತಿಗೆ ಕ್ಷಮೆ ಕೇಳುತ್ತಿದ್ದಾರೋ ಅದನ್ನು ಮೊದಲು ಎಲ್ಲರಿಗೂ ಕೇಳುವಂತೆ ಆಡತಕ್ಕದ್ದು. ಬಿಷಪ್ಪರು ಚೀಟಿ ಬಿಡಿಸಿದರು. ನಲವತ್ತು ವರ್ಷ ಪೀಠದಿಂದ ಓದಿದ ಗಂಟಲು. ಕೆಟ್ಟದಾಗಿ ಓದಬೇಕೆಂದರೂ ಅದಕ್ಕೆ ಬಾರದು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿ ಓದಿದರು. 'ನಂಬುವ ಹಾಗಿಲ್ಲ' ಎಂಬುದು ಚರ್ಚಿನ ಗೋಡೆಗೂ ಮಸೀದಿಯ ಗೋಡೆಗೂ ತಗುಲಿ ವಾಪಸು ಬಂತು. ಆಮೇಲೆ ಕ್ಷಮೆ ಕೇಳಿದರು. ಅದೂ ಚೆನ್ನಾಗಿಯೇ ಇತ್ತು, ಆದರೆ ಅಷ್ಟು ಹೊತ್ತಿಗೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಮಾತು ಕೊನೆಗೂ ಸಿಕ್ಕಿದ್ದರಿಂದ ಎಲ್ಲರಿಗೂ ನಿರಾಳವಾಗಿತ್ತು. ಒಕ್ಕೂಟದ ಅಧ್ಯಕ್ಷರು, "ನಾನು ಹೇಳಿರ್ಲಿಲ್ವಾ?" ಎಂದು ಲಗತ್ತಿನ ಬೆನ್ನು ತಟ್ಟಿದರು. ವೇದಿಕೆಯ ಸಂಚಾಲಕರು ಈ ಮಾತಿಗಾಗಿ ಪ್ರಾಣ ಕೊಡಲೂ ಸಿದ್ಧ ಎಂದು ಹೇಳಿ, ಆ ಮಾತನ್ನು ಚೀಟಿಯಲ್ಲಿ ಬರೆದುಕೊಂಡರು. ಟಿವಿಯವರು ಮಾತಿಗೆ ಆರು ಸೆಕೆಂಡು, ಕುಂಯ್‌ಗೆ ಹನ್ನೊಂದು ಸೆಕೆಂಡು ಎಂದು ಲೆಕ್ಕ ಹಾಕಿ, ಉಳಿದ ಐದು ಸೆಕೆಂಡಿನಲ್ಲಿ ಬಿಷಪ್ಪರು ಮತ್ತೇನು ಹೇಳಿದ್ದರು ಎಂದು ಚರ್ಚೆ ಇಟ್ಟುಕೊಂಡರು.

ಮೌಲ್ವಿಯವರಿಗೆ ಮೈಕು ಕೊಟ್ಟಾಗ ಅವರು ಅಚ್ಚಾದ ಹಾಳೆಯಿಂದ 'ಕ್ಷಮಿಸಿದ್ದೇನೆ' ಎಂದು ಓದಿ ಕೆಳಗಿಳಿದರು. ಬಿಷಪ್ಪರು ಹಿಂದೆಯೇ ಹೋಗಿ ಕೈ ಚಾಚಿದರು.

"ಬಹಳ ಚೆನ್ನಾಗಿ ಓದಿದ್ರಿ ಫಾದರ್," ಎಂದರು ಮೌಲ್ವಿ.

"ಬರೆಸಿದ್ದು ನೀವೇ ಅಲ್ವಾ ಸಾಹೇಬ್ರೇ?"

"ನಾನೇ ಬರೆಸಿದ್ದು. ಆದ್ರೆ ನಿಮ್ಮ ಬಾಯಲ್ಲಿ ಅದು ಇಷ್ಟು ಸಲೀಸಾಗಿ ಬರುತ್ತೆ ಅಂತ ಗೊತ್ತಿರ್ಲಿಲ್ಲ."

ಚಾಚಿದ ಕೈಯನ್ನು ಅವರು ಹಿಡಿದರು, ಬಿಟ್ಟರು. ಮಸೀದಿಯ ಕಡೆಗೆ ನಡೆದು ಹೋದರು. ಲಗತ್ತು ಪಕ್ಕದಲ್ಲೇ ನಿಂತು ಎಲ್ಲವನ್ನೂ ನೋಡಿದ. ಆ ಸಂಜೆಯೇ ಅಧಿಕಾರಿಗಳು ಕಡತದ ಕೊನೆಯಲ್ಲಿ, ಧಕ್ಕೆಯು ದಾಖಲೆಗೆ ಅನುಗುಣವಾಗಿ ಉಂಟಾಗಿರುವುದು ಖಚಿತಪಟ್ಟಿದೆ, ಮುಕ್ತಾಯಗೊಳಿಸಬಹುದು ಎಂದು ಬರೆದು ಸಹಿ ಹಾಕಿದರು. ತಡೆಬೇಲಿ ಮುರಿಯದಂತೆ ಮಡಚಿ ಲಾರಿಗೆ ಹೇರಿದರು.

ತಿಂಗಳು ಮುಗಿಯಲು ಎರಡು ದಿನವಿರುವಾಗ ತಾಯಿಯ ಕಣ್ಣಿನ ಪೊರೆ ತೆಗೆದರು. ತಡವಾದದ್ದಕ್ಕೆ ದೃಷ್ಟಿ ಪೂರ್ತಿ ಬರಲಿಲ್ಲ, ಮುಕ್ಕಾಲು ಬಂತು. ಪಟ್ಟಿ ಬಿಚ್ಚಿದ ಮೇಲೆ ಅವಳು ಮಗನ ಮುಖ ನೋಡಿ, ಇಷ್ಟು ನರೆತಿದ್ದೀಯಲ್ಲೋ ಎಂದಳು. ಆಮೇಲೆ ಕಿಟಕಿಯ ಹತ್ತಿರ ಹೋಗಿ ನಿಂತಳು. ಕೆಳಗೆ ರಸ್ತೆಯಲ್ಲಿ ಬಿಷಪ್ಪರು ಈ ಬದಿಯಲ್ಲಿ ಕುಂಟುತ್ತ ಹೋಗುತ್ತಿದ್ದರು. ಮೌಲ್ವಿ ಆ ಬದಿಯಲ್ಲಿ, ಎದುರು ದಿಕ್ಕಿಗೆ. ಇನ್ನೂರು ಮೀಟರಿನ ಆದೇಶ ರದ್ದಾಗಿ ವಾರವಾಗಿತ್ತು.

"ಇಬ್ಬರೂ ಬೇರೆ ಬೇರೆ ಹೋಗ್ತಿದ್ದಾರಲ್ಲೋ."

"ಹೂಂ ಅಮ್ಮ."

"ಹೋಗದೆ ಏನು ಮಾಡ್ತಾರೆ. ಅಂಥ ಮಾತು ಆಡಿದ ಮೇಲೆ."

"ಅಮ್ಮ, ಅದು ನಮ್ಮ ಮನೇಲಿ ಬರೆದದ್ದು. ನೀನೂ ಅಲ್ಲೇ ಕೂತಿದ್ದೆ."

"ಕೂತಿದ್ದೆ," ಎಂದಳು ತಾಯಿ. "ಆದ್ರೂ ಅವರು ಆ ಮಾತು ಆಡಬಾರದಿತ್ತು."

ಲಗತ್ತು ಅವಳ ಬಟ್ಟೆಬರೆಗಳನ್ನು ಚೀಲಕ್ಕೆ ಹಾಕತೊಡಗಿದ. ಅಷ್ಟರಲ್ಲಿ ನರ್ಸು ಬಿಡುಗಡೆಯ ಹಾಳೆ ತಂದುಕೊಟ್ಟಳು. ರೋಗಿಯ ಹೆಸರು, ವಯಸ್ಸು, ಸಂಬಂಧ ಎಲ್ಲ ತುಂಬಿದ. ಕೊನೆಗೊಂದು ಸಾಲಿತ್ತು: 'ಶಸ್ತ್ರಚಿಕಿತ್ಸೆ ವಿಳಂಬವಾಗಿದ್ದಲ್ಲಿ ಅದಕ್ಕೆ ಕಾರಣ.' ಅವನು ಪೆನ್ನು ಹಿಡಿದು ಅರೆಗಳಿಗೆ ತಡೆದ. ಆಮೇಲೆ ಸ್ಪಷ್ಟವಾದ ಅಕ್ಷರಗಳಲ್ಲಿ 'ಬಿಷಪ್ಪರು ಆಡಿದ ಮಾತು' ಎಂದು ಬರೆದು ಸಹಿ ಹಾಕಿದ.

ನರ್ಸು ಓದಿ ನೋಡಿ ಹಾಳೆಯನ್ನು ಕಟ್ಟಿಗೆ ಸೇರಿಸಿದಳು. "ಸರಿಯಾಗಿದೆ," ಎಂದಳು. "ಎಲ್ಲರೂ ಅದನ್ನೇ ಬರೆದಿದ್ದಾರೆ."