ಒಂದು ಉಸಿರಿನ ಸಲಹೆ

ಮಾತಾಡಲು ನಾಲಿಗೆಯೊಂದಿದ್ದರೆ ಸಾಕು ಎಂದು ನಾನು ಬಹಳ ಕಾಲ ನಂಬಿದ್ದೆ. ಅದರಲ್ಲಿ ಶ್ವಾಸಕೋಶಕ್ಕೂ ಕೆಲಸವಿದೆ ಎಂಬುದು ತಿಳಿದದ್ದು ನಿವೃತ್ತನಾದ ಮೇಲೆಯೇ. ಯಶವಂತಪುರದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದಾಗ ನಾನು ಬಾಯಿ ತೆರೆದರೆ ಮುಚ್ಚುವವನಲ್ಲ ಎಂದೇ ಹೆಸರಾಗಿದ್ದೆ. ಸಂಬಳದ ಚೀಟಿ ಕೇಳಲು ಬಂದವರಿಗೆ ಮಗಳ ಮದುವೆ, ಮನೆಯ ಪಾಯ, ಮೂಲವ್ಯಾಧಿ, ಎಲ್ಲದರ ಬಗ್ಗೆಯೂ ಸಲಹೆ ಕೊಟ್ಟು ಕಳಿಸುತ್ತಿದ್ದೆ. ಅದರಂತೆ ನಡೆದವರು ಯಾರೂ ನೆನಪಿಲ್ಲ. ಸಲಹೆ ಮುಗಿಯುವಷ್ಟರಲ್ಲಿ ಅದು ಎಲ್ಲಿಂದ ಶುರುವಾಗಿತ್ತು ಎಂಬುದು ನನಗೇ ಮರೆತುಹೋಗಿರುತ್ತಿತ್ತು.

ಹೀಗಿರುವಾಗ ಒಂದು ದಿನ ಹಾಲಿನ ಬೂತಿನಿಂದ ಮನೆಗೆ ಬರುವಷ್ಟರಲ್ಲಿ ಏದುಸಿರು ಹತ್ತಿತು. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುತ್ತಿಲ್ಲ, ಇದು ವಾಸಿಯಾಗುವ ಕಾಯಿಲೆಯಲ್ಲ, ಹತೋಟಿಯಲ್ಲಿಟ್ಟುಕೊಂಡು ಬಾಳಬೇಕಾದ ಕಾಯಿಲೆ ಎಂದರು ಡಾಕ್ಟರು. ನಾನು ಬಿಟ್ಟುಬಿಟ್ಟಿದ್ದ ಸಿಗರೇಟಿನ ಪಾಲು ಇದರಲ್ಲಿ ಎಷ್ಟು, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಮೇಲೆ ಕೂತು ಕುಡಿದ ಹೊಗೆಯ ಪಾಲು ಎಷ್ಟು ಎಂದು ಕೇಳಿದೆ. ಅವರು ಆ ಪಾಲು ಪಂಚಾಯ್ತಿಗೆ ಇಳಿಯಲಿಲ್ಲ. ಇನ್ಹೇಲರ್ ಬರೆದುಕೊಟ್ಟು ಫಿಸಿಯೋಥೆರಪಿಗೆ ಕಳಿಸಿದರು.

ಏದುಸಿರಿನವನಿಗೆ ವಿಶ್ರಾಂತಿ ಹೇಳುತ್ತಾರೆ ಎಂದು ನನ್ನ ಲೆಕ್ಕಾಚಾರ. ಹೆಂಡತಿ ಸರೋಜ ಆಗಲೇ ಈಸಿಚೇರನ್ನು ಟಿವಿ ಮುಂದಕ್ಕೆ ಎಳೆದಿಟ್ಟಿದ್ದಳು. ಆದರೆ ಫಿಸಿಯೋಥೆರಪಿಸ್ಟ್ ನಮ್ಮಿಬ್ಬರ ಆಸೆಗೂ ತಣ್ಣೀರೆರಚಿದರು. ಕೂತಷ್ಟೂ ಕಾಲಿನ ಬಲ ಇಳಿಯುತ್ತದೆ, ಕಾಲಿನ ಬಲ ಇಳಿದಷ್ಟೂ ಏದುಸಿರು ಏರುತ್ತದೆ, ಆದ್ದರಿಂದ ದಿನವೂ ನಡೆಯಬೇಕಂತೆ. ಸ್ವಲ್ಪ ಏದುಸಿರು ಬಂದರೆ ಹೆದರಬಾರದಂತೆ. ಎಷ್ಟು ಜೋರಾಗಿ ನಡೆಯಬೇಕು ಎಂದು ಕೇಳಿದ್ದಕ್ಕೆ, "ನಡೀತಾ ನಡೀತಾ ಎರಡು ಮಾತು ಆಡೋಕಾಗ್ಬೇಕು ಅಂಕಲ್. ಹಾಡೋಕಾದ್ರೆ ಸ್ಪೀಡು ಸಾಲ್ದು ಅಂತ. ಮಾತೇ ಬರದಿದ್ರೆ ನಿಂತ್ಕೊಂಡ್ಬಿಡಿ," ಎಂದರು. ನಿಂತಾಗ ಮೂಗಿನಿಂದ ಉಸಿರೆಳೆದು, ಬಿಸಿ ಕಾಫಿ ಊದುವವರ ಹಾಗೆ ತುಟಿ ಚೂಪು ಮಾಡಿ ನಿಧಾನವಾಗಿ ಬಿಡುವುದನ್ನೂ ಕಲಿಸಿದರು.

ಎರಡು ಮಾತಾಡಬೇಕೆಂದರೆ ಕೇಳುವವರು ಒಬ್ಬರು ಬೇಕಲ್ಲ. ಅಲ್ಲಾಳಸಂದ್ರದ ಕೆರೆಯ ಬಳಿ ನನಗೆ ಮುನಿರಾಜಪ್ಪ ಸಿಕ್ಕಿದರು. ಅಲ್ಲಿಯ ಹಳೇ ಊರಿನ ಕುಳ. ಒಂದು ಕಾಲದಲ್ಲಿ ರಾಗಿ ಬೆಳೆದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿ ಹಾಯಾಗಿದ್ದರು. ಅವರ ಬೊಜ್ಜಿಗೂ ಡಾಕ್ಟರು ವಾಕಿಂಗ್ ಹೇಳಿದ್ದರು. ಅವರು ಮಾತಾಡುವುದು, ನಾನು ತಲೆಯಾಡಿಸುವುದು. ನಡುನಡುವೆ ನಿಂತು, ಕಣ್ಣು ಮುಚ್ಚಿ, ತುಟಿ ಚೂಪು ಮಾಡಿ ಉಸಿರು ಬಿಟ್ಟು ಒಂದೆರಡು ಪದ ಉದುರಿಸುವುದು. ಎಂಟು ದಿನವೂ ಆಗಿರಲಿಲ್ಲ, ನಾನು ಬಹಳ ತೂಕದ ಮನುಷ್ಯ, ಯೋಚಿಸದೆ ಒಂದು ಮಾತೂ ಆಡುವವನಲ್ಲ ಎಂದು ಅವರು ಊರೆಲ್ಲ ಹೇಳಿಕೊಂಡು ಬಂದರು. ಸರೋಜಳಿಗೆ ಇದನ್ನು ತಿಳಿಸಿದಾಗ ಅವಳು ಅಡುಗೆಮನೆಯಿಂದ ಹೊರಗೆ ಬಂದು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು.

ಮುನಿರಾಜಪ್ಪನವರ ಮಾತೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದುದು ತಮ್ಮನ ಬಾಲ್ಕನಿಯಲ್ಲಿ. ಅಣ್ಣ ತಮ್ಮಂದಿರ ಮನೆಗಳ ನಡುವೆ ಒಂದು ಓಣಿ. ತಮ್ಮ ಹೊಸ ಮನೆ ಕಟ್ಟಿದಾಗ ಬಾಲ್ಕನಿಯನ್ನು ಆ ಓಣಿಯ ಮೇಲಕ್ಕೆ ಚಾಚಿಸಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆ ಬಾಲ್ಕನಿಯಲ್ಲಿ ಮನುಷ್ಯರು ನಿಂತದ್ದನ್ನು ನಾನಂತೂ ಕಂಡಿಲ್ಲ, ಒಂದು ವಾಷಿಂಗ್ ಮೆಷಿನ್ ಮಾತ್ರ ಅಲ್ಲಿ ಸುಖವಾಗಿತ್ತು. ಈಗ ಆ ತಮ್ಮನ ಮಗಳಿಗೆ ಮದುವೆ ಗೊತ್ತಾಗಿತ್ತು. ತಮ್ಮನ ಹೆಂಡತಿ ಒಬ್ಬಳೇ ಬಂದು, ಕುಂಕುಮ ಕೊಟ್ಟು, ನಿಶ್ಚಿತಾರ್ಥಕ್ಕೆ ಕರೆದು ಹೋಗಿದ್ದಳು. ತಮ್ಮ ಬಂದಿರಲಿಲ್ಲ. ಗಂಡಿನ ಕಡೆಯವರೊಂದಿಗೆ ತಾಂಬೂಲ ಬದಲಾಯಿಸಬೇಕಾದ ದೊಡ್ಡಪ್ಪನನ್ನು ಕರೆಯುವ ರೀತಿಯೇ ಇದು ಎಂದು ಮುನಿರಾಜಪ್ಪ ಕುದಿಯುತ್ತಿದ್ದರು. ಹೋಗದಿದ್ದರೆ ಹೆಗಲ ಮೇಲೆ ಆಡಿಸಿದ ಮಗುವಿನ ನಿಶ್ಚಿತಾರ್ಥ ತಪ್ಪಿಹೋಗುತ್ತದೆ, ಹೋದರೆ ಮಾನ ಹೋಗುತ್ತದೆ. ಅವರು ಸರಿಯಾಗಿ ನಿದ್ದೆ ಮಾಡಿಲ್ಲ ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು.

ನಿಶ್ಚಿತಾರ್ಥದ ಹಿಂದಿನ ದಿನ ಬೆಳಿಗ್ಗೆ ಕೆರೆ ಏರಿಯ ಚಡಾವು ಹತ್ತುತ್ತಿದ್ದೆವು. ಅವರು ತಟ್ಟನೆ ನಿಂತು, "ನೀವೇ ಯೋಳಿ ಸಾ. ಓಗ್ಲೋ ಬ್ಯಾಡ್ವೋ? ನೀವು ಎಂಗಂದ್ರೆ ಅಂಗೆ," ಎಂದರು.

ನನ್ನ ಉತ್ತರ ಸಿದ್ಧವಾಗಿತ್ತು. ಹೋಗಿ, ಆದರೆ ಮೊದಲು ತಮ್ಮ ಖುದ್ದಾಗಿ ಬಂದು ಕರೆಯಲಿ, ನಾಲ್ಕು ಜನ ಹಿರಿಯರ ಮುಂದೆ ಬಾಲ್ಕನಿಯ ವಿಷಯ ತೀರ್ಮಾನವಾಗಲಿ, ಅಲ್ಲಿಯವರೆಗೆ ಆ ಮನೆಯ ನೀರೂ ಮುಟ್ಟಬೇಡಿ: ಹೀಗೆ ಷರತ್ತುಗಳನ್ನೆಲ್ಲ ಜೋಡಿಸಿಕೊಂಡು "ಹೋಗಿ" ಎಂದೆ. ಅಷ್ಟಕ್ಕೆ ಉಸಿರು ಮುಗಿಯಿತು. ಏರಿಯ ಪಕ್ಕದ ಕಂಬಿ ಹಿಡಿದು, ಕಣ್ಣು ಮುಚ್ಚಿ, "ತಾಳಿ, ಇನ್ನೂ ಇದೆ" ಎನ್ನುವ ಹಾಗೆ ಬಲಗೈ ಎತ್ತಿದೆ. ಮುನಿರಾಜಪ್ಪ ಅದನ್ನು ಆಶೀರ್ವಾದ ಎಂದುಕೊಂಡರು. ಎರಡೂ ಕೈ ಮುಗಿದು, "ಆಯ್ತು ಸಾ, ಇನ್ನ ಯೋಚ್ನೆ ಇಲ್ಲ," ಎಂದವರೇ ಏರಿ ಇಳಿದು ಹೊರಟೇಬಿಟ್ಟರು. ಓಡಿ ಹಿಡಿಯುವುದಿರಲಿ, ಕೂಗಿ ಕರೆಯಲೂ ನನ್ನಿಂದ ಆಗಲಿಲ್ಲ. ಸಾವರಿಸಿಕೊಂಡು ಫೋನ್ ಮಾಡಿದಾಗ ಅವರು ವಾಕಿಂಗ್ ಬೂಟಿನಲ್ಲೇ ತಮ್ಮನ ಮನೆ ಸೇರಿ ಕಾಫಿ ಕುಡಿಯುತ್ತಿದ್ದರು. ಆ ಕಡೆಯಿಂದ ಇಬ್ಬರು ಗಂಡಸರು ಒಟ್ಟಿಗೆ ಮೂಗೊರೆಸಿಕೊಳ್ಳುವ ಸದ್ದು ಕೇಳಿಸಿತು. ನಾನು ಷರತ್ತುಗಳನ್ನು ನುಂಗಿಕೊಂಡು ಫೋನ್ ಇಟ್ಟೆ.

ಮರುದಿನ ಅವರೇ ತಾಂಬೂಲದ ತಟ್ಟೆ ಹಿಡಿದರು. ಬಾಲ್ಕನಿ ಇದ್ದ ಹಾಗೇ ಇದೆ. ಅಣ್ಣನ ಮನೆಯ ಬಟ್ಟೆಗಳೂ ಈಗ ಆ ಮೆಷಿನ್ನಿಗೇ ಬೀಳುತ್ತಿವೆಯಂತೆ.

ಇತ್ತ ನಡೆದು ನಡೆದು ನನ್ನ ಕಾಲಿಗೆ ಬಲ ಬಂತು. ಕಾಯಿಲೆ ಎಲ್ಲೂ ಹೋಗಿಲ್ಲ, ಆದರೆ ಅದೇ ಚಡಾವಿನಲ್ಲಿ ಈಗ ಒಂದು ಇಡೀ ವಾಕ್ಯ ಹೇಳುವಷ್ಟು ಉಸಿರು ಉಳಿಯುತ್ತದೆ. ನಿಜವಾಗಿ ಬಹಳ ಖುಷಿಯಾಯಿತು. ಆ ಖುಷಿಯಲ್ಲಿ ಅವತ್ತು ಹೇಳದೆ ಉಳಿದ ಷರತ್ತುಗಳನ್ನೆಲ್ಲ ಒಂದೂ ಬಿಡದೆ ಮುನಿರಾಜಪ್ಪನವರಿಗೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅವತ್ತು ನಿಮಗೆ ಇಷ್ಟು ಉಸ್ರಿದ್ದಿದ್ರೆ, ಆ ಮಗೀನ ತಾಂಬೂಲಕ್ಕೆ ನಾನು ಇರ್ತಾನೇ ಇರ್ಲಿಲ್ಲ ಸಾ," ಎಂದರು.

ಅಂದಿನಿಂದ ಕೆರೆಯ ಬಳಿ ಯಾರು ಏನೇ ಕೇಳಲಿ, ಉಸಿರಿದ್ದರೂ ಒಂದು ಪದ ಹೇಳಿ ಕಂಬಿ ಹಿಡಿದು ನಿಂತುಬಿಡುತ್ತೇನೆ. ನನ್ನ ಮರ್ಯಾದೆಗೆ ಇನ್ನೂ ಕುಂದು ಬಂದಿಲ್ಲ. ಮನೆಯಲ್ಲಿ ಮಾತ್ರ ಈ ಜಾಗ್ರತೆ ನೆನಪಿರುವುದಿಲ್ಲ. ಮೊನ್ನೆ ಸರೋಜ ಸಾರಿಗೆ ಉಪ್ಪು ಸರಿಯಿದೆಯೇ ಎಂದು ಕೇಳಿದಳು. ನಾನು ಉಪ್ಪಿನಿಂದ ಶುರುಮಾಡಿ ಬೇಳೆ, ಕುಕ್ಕರು, ಅವಳ ತವರಿನ ಅಡುಗೆಯ ರೀತಿಗಳವರೆಗೆ ವಿವರಿಸುತ್ತಾ ಹೋದೆ. ಅವಳು ಸೌಟು ಕೆಳಗಿಟ್ಟು, ಬಹಳ ಕಳಕಳಿಯಿಂದ, "ರೀ, ಊಟಕ್ಕೆ ಮುಂಚೆ ಮಹಡಿ ಮೆಟ್ಟಿಲು ಒಂದ್ಸಲ ಹತ್ತಿ ಇಳಿದು ಬಂದ್ಬಿಡಿ," ಎಂದಳು.