ಫಿಯಟ್ಟಿಗೆ ಸಿಸ್ಟರ್ ಮಾಡಿದ ಚಿಕಿತ್ಸೆ

ಗುಬ್ಬಿ ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ರುದ್ರಯ್ಯನವರಿಗೆ ಮೆಕ್ಯಾನಿಕ್ಕುಗಳನ್ನು ಕಂಡರಾಗದು. ಎಂಬತ್ತೆರಡರಲ್ಲಿ ಸೆಕೆಂಡ್‌ಹ್ಯಾಂಡ್ ಫಿಯಟ್ ಕೊಂಡ ದಿನವೇ ಘೋಷಿಸಿಬಿಟ್ಟಿದ್ದರು: "ಆಯಿಲ್ ಹಾಕೋಕೆ ಆಂಜನಪ್ಪನ ಗ್ಯಾರೇಜ್ ಯಾಕೆ? ನಾನೇನು ಓದಿಲ್ವಾ?"

ಆ ಶನಿವಾರ ನಾಲ್ಕು ಗಂಟೆಗೆ ತುಮಕೂರು ಆಸ್ಪತ್ರೆಯಿಂದ ಅತ್ತೆ ಕಲ್ಲಮ್ಮನವರನ್ನು ಕರೆತರಬೇಕಿತ್ತು. ಕಣ್ಣಿನ ಆಪರೇಷನ್ ಆಗಿತ್ತು. ಬಸ್ಸಿನ ಧೂಳು ಕೂಡದೆಂದು ಡಾಕ್ಟರ ಆಜ್ಞೆ. "ನೀನು ಚಿಂತೆ ಬಿಡೇ, ಪುಷ್ಪಕ ವಿಮಾನದಲ್ಲಿ ತರ್ತೀನಿ" ಎಂದು ಮೇಷ್ಟ್ರು ಹೆಂಡತಿಗೆ ಮಾತು ಕೊಟ್ಟಿದ್ದರು.

ಸ್ಕೂಲು ಮುಗಿಸಿ ಬಂದವರೇ ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ಎಳೆದರು. ತುದಿಗೂ ಎಣ್ಣೆಯಿಲ್ಲ! ಒಂದು ಡಬ್ಬಿ ಸುರಿದರು. ಸಾಲದೆನಿಸಿ ಇನ್ನೊಂದು ಸುರಿದರು (ವಿಜ್ಞಾನಿಗೆ ಜಿಪುಣತನ ಸಲ್ಲದು).

ಸ್ಟಾರ್ಟ್ ಮಾಡಿ ರಸ್ತೆಗಿಳಿಸಿದ್ದೇ ತಡ, ಬೀದಿಯೆಲ್ಲ ಹೊಗೆ. ಎದುರುಮನೆಯ ಬೇಳೆ ವ್ಯಾಪಾರಿ ಪರಮಶಿವಯ್ಯ ಟವೆಲಿನಿಂದ ಮೂಗು ಮುಚ್ಚಿಕೊಂಡು, "ಏನ್ ಮೇಷ್ಟ್ರೇ, ಸೊಳ್ಳೆಗಾ?" ಅಂದರು.

ಮೇಷ್ಟ್ರು ಗಾಡಿಯನ್ನು ಹಿಂದಕ್ಕೆ ತಂದು, ಆಯಿಲ್ ಇಳಿಸಲು ಅಡಿಗೆ ನುಸುಳಿದರು. ಸ್ಪ್ಯಾನರ್ ಜಾರಿ ಜಾರಿ ನಟ್ಟಿನ ಮೂಲೆಗಳು ಸವೆದವೇ ಹೊರತು ಒಂದು ತೊಟ್ಟೂ ಇಳಿಯಲಿಲ್ಲ. ಆಂಜನಪ್ಪ ಯಾವುದೋ ಮದುವೆಗೆಂದು ಯಡಿಯೂರಿಗೆ ಹೋಗಿದ್ದ. ಗಂಟೆ ಎರಡೂವರೆ.

ಅಷ್ಟರಲ್ಲಿ ಹೆಂಡತಿ ಸಿದ್ದಗಂಗಮ್ಮ ಡ್ಯೂಟಿ ಮುಗಿಸಿ ಬಂದರು. ಸರ್ಕಾರಿ ಆಸ್ಪತ್ರೆಯ ನರ್ಸು, ಊರಿಗೆಲ್ಲ ಸಿಸ್ಟರ್.

"ರೀ, ಏನಾಯ್ತು ಇದಕ್ಕೆ?"

"ಆಯಿಲ್ ಒಂಚೂರು ಜಾಸ್ತಿ ಆಯ್ತು."

"ಒಂಚೂರಾ?" ಸಿಸ್ಟರ್ ಗಾಡಿಯನ್ನು ಒಂದು ಸುತ್ತು ಬಂದರು. ಮುಂದಿನ ಚಕ್ರಗಳು ಚರಂಡಿ ಚಪ್ಪಡಿಯ ಮೇಲೆ, ಹಿಂದಿನವು ಕೆಳಗೆ ಬೀದಿಯಲ್ಲಿ. "ಕಡ್ಡಿ ನೋಡ್ದಾಗ ಹಿಂಗೇ ನಿಂತಿತ್ತಾ?"

"ಹೂಂ."

"ಮೂತಿ ಮೇಲಿದ್ರೆ ಎಣ್ಣೆ ಹಿಂದಕ್ಕೆ ಹೋಗಲ್ವೇನ್ರೀ? ಮಕ್ಕಳಿಗೆ ಏನ್ ಪಾಠ ಮಾಡ್ತೀರಿ?"

ಇಪ್ಪತ್ತು ವರ್ಷದಿಂದ ದ್ರವಗಳ ಮಟ್ಟದ ಪಾಠ ಮಾಡುತ್ತಿದ್ದ ಮೇಷ್ಟ್ರು ಚಪ್ಪಡಿಯನ್ನೇ ದಿಟ್ಟಿಸಿದರು.

"ಮೊದಲು ಪೇಷಂಟನ್ನ ಸಮವಾಗಿ ಮಲಗಿಸಿ" ಅಂದ ಸಿಸ್ಟರ್ ಒಳಗೆ ಹೋದರು. ಮೇಷ್ಟ್ರು ಗಾಡಿಯನ್ನು ಚಪ್ಪಡಿಯಿಂದ ಸಮನಾದ ಬೀದಿಗೆ ಇಳಿಸಿದರು. ಬರುವಾಗ ಕೈಯಲ್ಲಿ ಆಸ್ಪತ್ರೆಯವರು ಬೇಡವೆಂದು ಬಿಸಾಡಿದ್ದ ದಪ್ಪ ಸಿರಿಂಜು, ಸಣ್ಣ ರಬ್ಬರ್ ನಳಿಗೆ. ಸೆರಗು ಸಿಕ್ಕಿಸಿ, ಕಡ್ಡಿ ಹೋಗುವ ತೂತಿಗೆ ನಳಿಗೆ ಇಳಿಬಿಟ್ಟು ಎಳೆದರು. ಸಿರಿಂಜಿನ ತುಂಬ ಎಣ್ಣೆ ಬಂತು!

"ಡಬರಿ ಹಿಡೀರಿ. ಕೈ ನಡುಗಿಸ್ಬೇಡಿ."

ಹೆತ್ತವರ ಕಣ್ಣಿಗೂ ಕಾಣದ ಎಳೆಗೂಸಿನ ನರ ಹುಡುಕುವ ಕೈ ಅದು. ಎಳೆದು ಚೆಲ್ಲಿ, ಎಳೆದು ಚೆಲ್ಲಿ, ನಡುವೆ ಕಡ್ಡಿಯನ್ನು ಥರ್ಮಾಮೀಟರಿನ ಹಾಗೆ ಒರೆಸಿ ಅದ್ದಿ ನೋಡಿ, ಮೇಲಿನ ಗೆರೆಗೆ ಸರಿಯಾಗಿ ನಿಲ್ಲಿಸಿದರು. ಬಿಳೀ ಸೀರೆಗೆ ಒಂದು ಹನಿ ತಾಗಿರಲಿಲ್ಲ. ಮೇಷ್ಟ್ರ ಬನಿಯನ್ನಿನಲ್ಲಿ ಮಾತ್ರ ಬಿಳೀ ಜಾಗ ಹುಡುಕಬೇಕಿತ್ತು. ಮದುವೆಯಾಗಿ ಹದಿನೆಂಟು ವರ್ಷಕ್ಕೆ, ತಾವು ಎಂಥವಳನ್ನು ಕೈಹಿಡಿದಿದ್ದೇವೆಂದು ಅವರಿಗೆ ಆಗ ಹೊಳೆಯಿತು. ಹೇಳಬೇಕೆಂದು ಬಾಯಿ ತೆರೆದರು.

"ಟೈಮಾಯ್ತು, ಹೊರಡಿ" ಅಂದರು ಸಿಸ್ಟರ್.

ನಾಲ್ಕಕ್ಕೆ ಐದು ನಿಮಿಷ ಮೊದಲೇ ಫಿಯಟ್ ತುಮಕೂರು ಆಸ್ಪತ್ರೆಯ ಬಾಗಿಲಲ್ಲಿತ್ತು. ಹೊಗೆ ಒಂದೆಳೆಯೂ ಇಲ್ಲ. ಕಲ್ಲಮ್ಮನವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅಳಿಯನನ್ನು ದಾರಿಯುದ್ದಕ್ಕೂ ಹೊಗಳಿದರು. ಮೇಷ್ಟ್ರು ಎರಡು ಸಲ ನಿಜ ಹೇಳಲು ಹೊರಟು, ಎರಡು ಸಲವೂ ಗೇರ್ ಬದಲಾಯಿಸಿದರು.

ಮರುವಾರ ಪರಮಶಿವಯ್ಯ ಹೊಸ ಸ್ಕೂಟರು ತಳ್ಳಿಕೊಂಡು ಗೇಟಿಗೆ ಬಂದರು. ಗೇರ್ ಆಯಿಲ್ ಹೆಚ್ಚಾಗಿತ್ತಂತೆ. ಮೇಷ್ಟ್ರು ತೋಳು ಮಡಚಿ ಗಂಭೀರವಾಗಿ ಹೊರಬಂದರು.

"ಎಷ್ಟು ಹಾಕಿದ್ರಿ?"

"ಅದನ್ನ ಸಿಸ್ಟರ್‌ಗೇ ಹೇಳ್ತೀನಿ, ಕರೀರಿ. ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ, ನೀವು ಒಂಚೂರು ದೂರ ನಿಂತ್ಕಳಿ. ಗಾಡಿ ಹೊಸದು."