ಗಾಲ್ಫಿಗಾಗಿ ಮೈ ಹದ ಮಾಡಿದ ದಿನಗಳು

ಮೈ ಬಗ್ಗಿಸುವುದನ್ನು ಕಲಿಸುವವನ ಎದುರಿಗೆ ಎಂಥ ದೊಡ್ಡ ಮನುಷ್ಯನೂ ತನ್ನ ದೊಡ್ಡಸ್ತಿಕೆಯನ್ನು ಸ್ವಲ್ಪ ಹೊತ್ತು ಬದಿಗಿಡಬೇಕಾಗುತ್ತದೆ. ಹಾಗಾಗಿ ನನ್ನ ಕಣ್ಣೆದುರು ನಗು ಬರುವಂಥದ್ದು ನಡೆಯುತ್ತಲೇ ಇತ್ತು. ನಗಬಾರದ ಹೊತ್ತಿನಲ್ಲಿ ಇನ್ನೂ ಹೆಚ್ಚು.

ಎರಡನೇ ಮಹಾಯುದ್ಧದ ಕಾಲ. ನಾನು ಮಂಡ್ಯದಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಊರಾಚೆ, ನಾಲೆ ದಾಟಿದರೆ, ಅಧಿಕಾರಿಗಳ ಗಾಲ್ಫ್ ಬಯಲೂ ಅದರ ಹೆಂಚಿನ ಕ್ಲಬ್ಬೂ ಇದ್ದವು. ಹಸಿರು ಹುಲ್ಲು ಅಂದುಕೊಳ್ಳಬೇಡಿ. ಕಲ್ಲು, ಕಳ್ಳಿ, ಚೆಂಡು ಬೀಳಬೇಕಾದ ಗುಳಿಯ ಸುತ್ತ ಎಣ್ಣೆ ಬೆರೆಸಿದ ಮರಳು, ಅಷ್ಟೇ. ಚೆಂಡು ಹೊಡೆಯಲು ಹೋಗಿ ಒಬ್ಬರಾದ ಮೇಲೊಬ್ಬರು ಸೊಂಟ ಹಿಡಿಸಿಕೊಂಡು ಮಲಗಿದಾಗ, ಬೆಳಿಗ್ಗೆ ಬಂದು ಇವರಿಗೆ ಮೈ ಹದ ಮಾಡಿಸಿ ಎಂದು ಕ್ಲಬ್ಬಿನಿಂದ ನನಗೆ ಹೇಳಿಕಳಿಸಿದರು.

೧. ಯಾರ ಸೊಂಟ

ಮೊದಲು ಬಂದವರು ಅಮಲ್ದಾರರು. ಕುಳ್ಳು ಆಳು, ದೊಡ್ಡ ಹೊಟ್ಟೆ. ನಿಂತಲ್ಲಿಂದ ಅವರ ಪಾದ ಅವರಿಗೆ ಕಂಡು ಎಷ್ಟೋ ಕಾಲವಾಗಿತ್ತು. ಹಿಂದೆ ಅವರ ಜವಾನ, ಬಸರಾಳು ಕಡೆಯ ಮುದುಕ. ಅಮಲ್ದಾರರ ಕೈಯಿಂದ ಏನು ಬಿದ್ದರೂ ಎತ್ತಿಕೊಡುವುದೇ ಅವನ ನೌಕರಿ.

ನಾನು ನೆಲಕ್ಕೊಂದು ಚೆಂಡು ಹಾಕಿ, ಮಂಡಿ ಮಡಿಸದೆ ಬಗ್ಗಿ ಎತ್ತಬೇಕು ಅಂದೆ. ಅಮಲ್ದಾರರು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಜವಾನ ಬಗ್ಗಿ ಚೆಂಡು ಎತ್ತಿ ಅವರ ಕೈಗಿಟ್ಟ. ಸರಿಯಪ್ಪಾ, ನೀನಲ್ಲ, ಸಾಹೇಬರು ಅಂದೆ. ಮತ್ತೆ ಹಾಕಿದೆ. ಮತ್ತೆ ಅವನೇ. ದೂರ ನಿಲ್ಲು ಅಂತ ಅಮಲ್ದಾರರೇ ಗದರಿದರು. ಬೇಲಿಯ ಹತ್ತಿರ ಹೋಗಿ ನಿಂತವನು ಚೆಂಡು ನೆಲ ಮುಟ್ಟಿದ ಕೂಡಲೇ ಓಡಿಬಂದ.

"ಬುಡಿ ಬುದ್ಧಿ, ನಾನಿರೋಗಂಟ ನೀವ್ ಯಾಕ್ ಬಗ್ಗೀರಿ?" ಅಂದ.

ಅಮಲ್ದಾರರ ಕಣ್ಣು ತೇವವಾಯಿತು. ಆಮೇಲೆ ಗದರಲಿಲ್ಲ. ಆ ಬೇಸಿಗೆ ಮುಗಿಯುವ ಹೊತ್ತಿಗೆ ಜವಾನನ ಹಳೆಯ ಸೊಂಟನೋವು ಪೂರ್ತಿ ಹೋಗಿತ್ತು.

೨. ಮಣಿಕಟ್ಟಿನ ಕಸರತ್ತು

ಎರಡನೆಯವರು ನಾಲೆ ಇಂಜಿನಿಯರು. ಊರಿಗೆಲ್ಲ ನೀರು ಹರಿಸಿದವರು. ನೀರಿನ ಹಿಂದೆ ಕಬ್ಬು ಬಂತು, ಸೊಳ್ಳೆಯೂ ಬಂತು, ಸೊಳ್ಳೆಯ ಹಿಂದೆ ಮಲೇರಿಯಾ. ಬೀದಿಗೊಂದು ಮನೆಯಲ್ಲಿ ಯಾರಾದರೂ ಕಂಬಳಿ ಹೊದ್ದು ನಡುಗುತ್ತಿದ್ದರು. ಯುದ್ಧದ ದೆಸೆಯಿಂದ ಕ್ವಿನೈನ್ ಬರುವುದೂ ನಿಂತಿತ್ತು.

ಮಣಿಕಟ್ಟು ಸಡಿಲವಾಗಬೇಕು, ಎರಡೂ ಕೈ ಮುಂದೆ ಚಾಚಿ ಜೋರಾಗಿ ಅಲ್ಲಾಡಿಸಿ ಅಂದೆ ಒಂದು ದಿನ. ಇಂಜಿನಿಯರು ಅಲ್ಲಾಡಿಸಿದ ರೀತಿ ಏನು ಹೇಳಲಿ! ಅಂಥ ವೇಗವನ್ನು ನಾನು ಯಾವ ಹುಡುಗನಲ್ಲೂ ಕಂಡಿರಲಿಲ್ಲ. ನೋಡಿ ಕಲೀರಿ ಅಂತ ಅಮಲ್ದಾರರಿಗೆ ತೋರಿಸಿದೆ. ಸಾಕು, ನಿಲ್ಲಿಸಿ ಅಂದೆ. ನಿಲ್ಲಿಸಲಿಲ್ಲ. ಹತ್ತಿರ ಹೋದಾಗ ಹಲ್ಲು ಕಟಕಟ ಅನ್ನುವುದು ಕೇಳಿಸಿತು.

ಕ್ಲಬ್ಬಿನಲ್ಲೇ ಇದ್ದ ಡಾಕ್ಟರು ಬಂದರು. ಎಳೆಯ ವಯಸ್ಸು, ಕಡ್ಡಿಯಂಥ ಮೈ, ತಾನೂ ಗಾಲ್ಫ್ ಕಲಿಯಬೇಕೆಂಬ ಆಸೆಯವರು. ಇಂಜಿನಿಯರ ಕೈ ಹಿಡಿದರು. ಆಗ ನಡುಕ ಎರಡರಷ್ಟಾಯಿತು. ಡಾಕ್ಟರಿಗೂ ಅವತ್ತು ಜ್ವರದ ಸರದಿ.

ಡಾಕ್ಟರು ಜೇಬಿನಿಂದ ಒಂದೇ ಒಂದು ಕ್ವಿನೈನ್ ಮಾತ್ರೆ ತೆಗೆದು ಮುರಿದು ಅರ್ಧ ಇಂಜಿನಿಯರ ಬಾಯಿಗೆ ಹಾಕಿ, ಇನ್ನರ್ಧ ತಾವು ನುಂಗಿದರು. "ಇದು ನೀವು ತಂದ ನೀರಿನ ಪ್ರಸಾದ ಸಾರ್," ಅಂದರು. ಇಂಜಿನಿಯರು ಕಹಿಗೆ ಮುಖ ಕಿವುಚಿ, ನೀರೇನೋ ಕಾಲುವೆಯಲ್ಲೇ ಹೋಗು ಅಂದರೆ ಹೋಗುತ್ತದೆ, ಸೊಳ್ಳೆ ಎಸ್ಟಿಮೇಟಿನಲ್ಲಿ ಇರಲಿಲ್ಲ ಅಂದರು.

೩. ಎದುರಾಳಿ

ಭುಜಕ್ಕೆ ಬಲ ಬರಲಿ ಅಂತ ನಾನೇ ಗರಡಿ ಉಸ್ತಾದರನ್ನು ಕರೆದುಕೊಂಡು ಹೋದೆ. ಜಟಕಾ ಗಾಡಿಗಳ ಅಚ್ಚು ರಿಪೇರಿ ಮಾಡುವ ಸಾಬರು. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ. ಹೆಗಲ ಮೇಲೆ ಮರದ ಗದೆ ಹೊತ್ತು ಬಂದರು. ಆಟದ ವಿಷಯವನ್ನೆಲ್ಲ ಕೇಳಿಕೊಂಡು, ಎದುರಾಳಿ ಯಾರು ಅಂದರು. ಎದುರಾಳಿ ಅಂತ ಯಾರೂ ಇಲ್ಲ ಉಸ್ತಾದ್, ನಮಗೆ ನಾವೇ ಅಂತ ಇಂಜಿನಿಯರು ವಿವರಿಸಿದರು.

"ಅಂಗಾರೆ ಸೋತೋನು ಮನೇಗ್ ಓಗೋದ್ ಎಂಗೆ ಸ್ವಾಮಿ? ಗೆದ್ದೋನೂ ಅವನ ಜೊತೇಲೇ ಬತ್ತಾನಲ್ಲ," ಅಂದರು ಉಸ್ತಾದರು.

ಮೈಗೆಲ್ಲ ಎಣ್ಣೆ ತಿಕ್ಕಿಸಿಕೊಂಡ ಇಂಜಿನಿಯರು ಗದೆ ಎತ್ತಿ ತಲೆಯ ಹಿಂದಿನಿಂದ ಬೀಸಿದರು. ಎಣ್ಣೆ ಕೈಯಿಂದ ಗದೆ ಜಾರಿ ಹಾರಿ, ಕ್ಲಬ್ಬಿನ ಹೆಂಚು ಒಡೆದು, ಒಳಗೆ ಚಹಾದ ಮೇಜನ್ನೂ ಮುರಿಯಿತು. ಅಲ್ಲಿ ಕೂತಿದ್ದ ಅಮಲ್ದಾರರು ಆಗತಾನೇ ಸಕ್ಕರೆ ತರಲು ಎದ್ದು ಹೋಗಿದ್ದರಂತೆ. ರೇಷನ್ ಕಾಲದಲ್ಲಿ ಸಕ್ಕರೆ ಆಸೆಯಿಂದ ಬದುಕಿದವರು ಅವರೊಬ್ಬರೇ ಇರಬೇಕು.

ನಾವು ಹೆಂಚಿನ ಆ ತೂತನ್ನೇ ನೋಡುತ್ತಿದ್ದೆವು. ಉಸ್ತಾದರಿಗೆ ಮಾತ್ರ ಸಮಾಧಾನವಾಗಿತ್ತು. ಚೆಂಡಿಗಿಂತ ಇದೇ ದೂರ ಹೋಗ್ತದೆ, ಇದನ್ನೇ ಆಡಿ ಅಂದರು.

೪. ಹೆಗಲು

ಮುಂದಿನ ಚಳಿಗಾಲದಲ್ಲಿ ಊರಲ್ಲಿ ಇಲಿ ಬಿತ್ತು, ಪ್ಲೇಗು ಬಂತು. ಜನ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಡಾಕ್ಟರು ಬೀದಿ ಬೀದಿ ತಿರುಗಿ ಪ್ಲೇಗಿನ ಸೂಜಿ ಚುಚ್ಚಿದರು. ಕೊನೆಗೆ ಅವರ ಕಂಕುಳಲ್ಲೇ ಗೆಡ್ಡೆ ಎದ್ದಿತು. ಬಹಳ ದಿನ ನರಳಲಿಲ್ಲ.

ಅವರ ಕಡೆಯವರು ಮಳವಳ್ಳಿಯಲ್ಲಿದ್ದರು. ಹೇಳಿಕಳಿಸಿದರೂ ಯಾರೂ ಬರಲಿಲ್ಲ. ಪ್ಲೇಗಿನ ಹೆಣಗಳನ್ನು ಒಯ್ಯುವ ಗಾಡಿ ಬಾಗಿಲಿಗೆ ಬಂದು ನಿಂತಿತು. ಡಾಕ್ಟರ ಹೆಂಡತಿ, ಇನ್ನೂ ಚಿಕ್ಕವಳು, ಹೊಸಿಲಲ್ಲಿ ನಿಂತು, "ಗಾಡೀಲಿ ಹಾಕಬೇಡಿ. ಅವರು ಯಾರನ್ನೂ ಮುಟ್ಟೋಕೆ ಹೇಸಲಿಲ್ಲ," ಅಂದಳು. ಅಷ್ಟೇ ಅಂದಳು.

ಒಂದು ಹೆಗಲು ನಾನು ಕೊಟ್ಟೆ. ಇಂಜಿನಿಯರು ಬಂದರು. ಉಸ್ತಾದರು ಬಂದರು, ಜಾತಿ ಕೇಳುವವರು ಯಾರೂ ಊರಲ್ಲಿ ಉಳಿದಿರಲಿಲ್ಲ. ನಾಲ್ಕನೆಯ ಹೆಗಲಿಗೆ ಯಾರು ಅಂತ ನೋಡುವಷ್ಟರಲ್ಲಿ ಅಮಲ್ದಾರರು ಕೋಟು ಬಿಚ್ಚಿ ಜಗುಲಿಯ ಮೇಲಿಟ್ಟರು. ಜೀವಮಾನದಲ್ಲಿ ಅವರು ಒಂದು ಕೊಡೆಯನ್ನೂ ಹೊತ್ತವರಲ್ಲ; ಹೊರುತ್ತಿದ್ದ ಜವಾನನೂ ಎಲ್ಲರ ಹಾಗೆ ಊರು ಬಿಟ್ಟಿದ್ದ.

ಮುಂದೆ ಅಮಲ್ದಾರರು, ಪಕ್ಕದಲ್ಲಿ ಉಸ್ತಾದರು. ಚಟ್ಟ ಒಂದು ಕಡೆ ವಾಲಿತು. ಉಸ್ತಾದರು ದಾರಿಯುದ್ದಕ್ಕೂ ಮಂಡಿ ಮಡಿಸಿಕೊಂಡೇ ನಡೆದರು. ಹೆಜ್ಜೆ ತಪ್ಪದಿರಲಿ ಅಂತ ನಾನು ಮೆಲ್ಲಗೆ ಎಡ, ಬಲ, ಎಡ, ಬಲ ಅನ್ನುತ್ತಿದ್ದೆ. ರಾಮನಾಮ ಹೇಳಬೇಕಿತ್ತು, ಬಾಯಿಗೆ ಬಂದದ್ದು ಅದು.

ನಾಲೆ ದಾಟಿ ಗಾಲ್ಫ್ ಬಯಲಿನ ಅಂಚಿಗೆ ಬರುವಷ್ಟರಲ್ಲಿ ಅಮಲ್ದಾರರ ಮುಖ ಕಪ್ಪಿಟ್ಟಿತು. ಇಳಿಸಿ ಅಂದರು. ಇಳಿಸಿದೆವು. ಅವರು ಚಟ್ಟದ ಪಕ್ಕದಲ್ಲೇ ಕುಸಿದು ಕೂತು, ಕಣ್ಣು ಮುಚ್ಚಿ, ಎಡಗೈಯನ್ನು ಹೆಣದ ಕಡೆಗೆ ಚಾಚಿದರು.

"ಡಾಕ್ಟರೇ, ಸ್ವಲ್ಪ ನಾಡಿ ನೋಡಿ. ಎದೆ ಒಂದೇ ಸಮ ಹೊಡೆದುಕೊಳ್ತಿದೆ."

ಅಮಲ್ದಾರರು ಕಣ್ಣು ಬಿಟ್ಟರು. ಏನು ಮಾಡಿದೆನೆಂದು ತಿಳಿಯಿತು. ಆದರೂ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರಿಗೆ ಆಗಲಿಲ್ಲ. ಇಂಜಿನಿಯರು ಆಕಡೆ ತಿರುಗಿ ನಿಂತಿದ್ದರು. ಅವರ ಬೆನ್ನು ಕುಲುಕುತ್ತಿತ್ತು. ಅದು ನಗುವೋ ಅಳುವೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಕಥೆಯೂ ಅದೇ ಆಗಿತ್ತು.

ಉಸ್ತಾದರು ಮಾತ್ರ ಕುಕ್ಕರಗಾಲಲ್ಲಿ ಕೂತು ಆ ಕೈ ಹಿಡಿದುಕೊಂಡರು. ಬಹಳ ಹೊತ್ತು ಹಿಡಿದು, ಮುಖ ಗಂಭೀರ ಮಾಡಿಕೊಂಡು ನೋಡಿದರು.

"ಇನ್ನೂ ಓಡ್ತಾ ಐತೆ ಸ್ವಾಮಿ," ಅಂದರು. "ಇವತ್ತು ನಿಮ್ ಸರದಿ ಅಲ್ಲ. ಏಳಿ, ಒತ್ಕಳಿ."